ರೋಸೆನ್‌ವಾಲ್ಡ್ ಶಾಲೆಗಳ ಜೀರ್ಣೋದ್ಧಾರ: ಒಂದು ವಿಮರ್ಶೆ

ಕನ್ನಡ ನಾಡಿನ ದಾನಶಾಸನಗಳಲ್ಲಿ ‘ಖಂಡಸ್ಫುಟಿತಜೀರ್ಣೋದ್ಧಾರ’ವೆಂಬ ಮಾತು ಮತ್ತೆ ಮತ್ತೆ ಬರುವುದು. ದೇವರ ಅಂಗಭೋಗ ರಂಗಭೋಗಗಳಿಗೆ, ತಪೋಧನರ ಆಹಾರದಾನಕ್ಕೆ, ವಿದ್ಯಾದಾನಕ್ಕೆ ಎಂದು ಭೂಮಿಯನ್ನೋ ಸುಂಕವನ್ನೋ ಬಿಟ್ಟಾಗ, ಕಟ್ಟಡದ ಒಡಕು ಬಿರುಕುಗಳನ್ನು ತಿದ್ದುವ ವೆಚ್ಚವೂ ಅದೇ ಉತ್ಪತ್ತಿಯಿಂದ ಸಲ್ಲತಕ್ಕದ್ದೆಂದು ಬರೆಯಿಸುವುದು ವಾಡಿಕೆಯಾಗಿತ್ತು. ಈ ಮಾತಿನಲ್ಲಿ ಯಾವ ಕಾಲನಿರ್ದೇಶವೂ ಇಲ್ಲ. ಕಟ್ಟಡವು ಕಟ್ಟಿದ ದಿನ ಹೇಗಿತ್ತೋ ಹಾಗೆ ಮರಳಿ ಆಗಬೇಕೆಂಬುದು ಅದರ ಅರ್ಥವಲ್ಲ. ಬಳಕೆಯಲ್ಲಿರುವ ಕಟ್ಟಡವು ಬಳಕೆಯಲ್ಲಿಯೇ ಉಳಿಯಬೇಕೆಂಬುದು ಅದರ ಅರ್ಥ. ಅದಲ್ಲದೆ, ಕೊಟ್ಟವರಾರು, ಕೊಟ್ಟುದೆಷ್ಟು, ಅದರ ಎಲ್ಲೆಗಳಾವುವು, ಸಾಕ್ಷಿಗಳಾರು ಎಂಬ ವಿವರವು ಕಲ್ಲಿನ ಮೇಲೆಯೇ ಇರುತ್ತಿದ್ದುದರಿಂದ ಕಟ್ಟಡವೂ ಅದರ ಲೆಕ್ಕವೂ ಒಟ್ಟಿಗೆ ನಿಲ್ಲುತ್ತಿದ್ದುವು.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಹಳೆಯ ಕಟ್ಟಡಗಳ ವಿಷಯದಲ್ಲಿ ಒಳನಾಡು ಇಲಾಖೆಯವರು ಗೊತ್ತುಮಾಡಿರುವ ವಿಧಿಗಳು ನಾಲ್ಕು ಬಗೆಯ ಉಪಚಾರಗಳನ್ನು ಹೇಳುವುವು: ಇದ್ದುದನ್ನು ಇದ್ದಂತೆ ಉಳಿಸುವುದು, ಹೊಸ ಬಳಕೆಗೆ ಹೊಂದಿಸುವುದು, ಗೊತ್ತಾದ ಒಂದು ಕಾಲದ ರೂಪಕ್ಕೆ ಹಿಂತಿರುಗಿಸುವುದು, ಇಲ್ಲವಾದುದನ್ನು ಹೊಸದಾಗಿ ಕಟ್ಟುವುದು. ಇವುಗಳಲ್ಲಿ ಮೂರನೆಯದಕ್ಕೆ ಮಾತ್ರ ‘ರೆಸ್ಟೊರೇಷನ್’ ಎಂಬ ಹೆಸರು ಸಲ್ಲುವುದು. ಅದರಲ್ಲಿ ಒಂದು ಕಾಲವನ್ನು ಆರಿಸಿಕೊಂಡು, ಆ ಕಾಲಕ್ಕೆ ಸೇರದ ಭಾಗಗಳನ್ನು ತೆಗೆದುಹಾಕಬೇಕಾಗುವುದು. ನಾಲ್ಕನ್ನೂ ಕನ್ನಡದಲ್ಲಿ ‘ಜೀರ್ಣೋದ್ಧಾರ’ವೆಂಬ ಒಂದೇ ಮಾತಿನಿಂದ ಕರೆಯುವುದು ರೂಢಿಯಾಗಿದೆ. ಇದು ಬರಿಯ ನಿಘಂಟಿನ ತೊಡಕಾಗಿದ್ದರೆ ಉಪೇಕ್ಷಿಸಬಹುದಾಗಿತ್ತು. ಆದರೆ ಯಾವ ಕಾಲವನ್ನು ಆರಿಸಿಕೊಳ್ಳಬೇಕು, ಯಾವುದನ್ನು ತೆಗೆದುಹಾಕಬೇಕು ಎಂಬ ನಿರ್ಣಯದಲ್ಲಿ ಯಾರ ಚರಿತ್ರೆ ಉಳಿಯುವುದು, ಯಾರದು ಅಳಿಯುವುದು ಎಂಬ ನಿರ್ಣಯವೂ ಅಡಗಿರುವುದು. ಆ ದೇಶದ ದಕ್ಷಿಣ ಪ್ರಾಂತಗಳ ಹಳ್ಳಿಗಾಡಿನಲ್ಲಿ ಉಳಿದಿರುವ ರೋಸೆನ್‌ವಾಲ್ಡ್ ಶಾಲೆಗಳಲ್ಲಿ ಇದು ಎದ್ದು ಕಾಣುವುದು.

ಈ ಶಾಲೆಗಳ ಹುಟ್ಟು ಸುಪ್ರಸಿದ್ಧವಾದುದು. ದಾಸ್ಯವು 1865ರಲ್ಲಿ ರದ್ದಾದರೂ ದಕ್ಷಿಣದ ಸಂಸ್ಥಾನಗಳು ಕಪ್ಪು ಜನರನ್ನು ಬಿಳಿಯರಿಂದ ಬೇರೆಯಾಗಿಡುವ ಶಾಸನಗಳನ್ನು ಮಾಡಿಕೊಂಡುವು. 1896ರ ಪ್ಲೆಸಿ ಮೊಕದ್ದಮೆಯಲ್ಲಿ ಅಲ್ಲಿಯ ಶ್ರೇಷ್ಠ ನ್ಯಾಯಾಲಯವು ‘ಬೇರೆಯಾದರೂ ಸಮಾನ’ವೆಂಬ ತತ್ತ್ವದಿಂದ ಅವಕ್ಕೆ ಮುದ್ರೆಯೊತ್ತಿತು. ಬೇರೆತನವು ಕಟ್ಟುನಿಟ್ಟಾಗಿ ನಡೆಯಿತು. ಸಮಾನತೆಯು ಕಾಗದದಲ್ಲಿಯೇ ಉಳಿಯಿತು. ಹತ್ತಿ ಬೆಳೆಯುವ ಹಳ್ಳಿಗಳಲ್ಲಿ ಕಪ್ಪು ಮಕ್ಕಳ ಪಾಠವು ಚರ್ಚಿನಲ್ಲಿಯೋ ಪಾಳುಗುಡಿಸಲಿನಲ್ಲಿಯೋ ನಡೆಯುತ್ತಿತ್ತು. ಹೀಗಿರಲು ಅಲಬಾಮಾದ ಟಸ್ಕೀಗೀ ವಿದ್ಯಾಸಂಸ್ಥೆಯ ಮುಖ್ಯಸ್ಥರಾದ ಬುಕರ್ ಟಿ. ವಾಷಿಂಗ್ಟನ್ನರಿಗೂ, ಸಿಯರ್ಸ್ ರೋಬಕ್ ಎಂಬ ದೊಡ್ಡ ವ್ಯಾಪಾರ ಸಂಸ್ಥೆಯ ಅಧ್ಯಕ್ಷರಾದ ಜೂಲಿಯಸ್ ರೋಸೆನ್‌ವಾಲ್ಡರಿಗೂ 1911ರಲ್ಲಿ ಪರಿಚಯವಾಯಿತು. ರೋಸೆನ್‌ವಾಲ್ಡರು ಜರ್ಮನಿಯಿಂದ ವಲಸೆ ಬಂದ ಯೆಹೂದ್ಯ ದಂಪತಿಗಳ ಮಗ. 1862ರಲ್ಲಿ ಇಲಿನಾಯ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡಿನಲ್ಲಿ ಹುಟ್ಟಿದವರು. ತಮ್ಮ ಐವತ್ತನೆಯ ಹುಟ್ಟುಹಬ್ಬದ ಸಂದರ್ಭದಲ್ಲಿ, 1912ರಲ್ಲಿ, ಅವರು ಟಸ್ಕೀಗೀಗೆ 25,000 ಡಾಲರುಗಳನ್ನು ಕೊಟ್ಟರು. ಅದರಲ್ಲಿ ಮಿಕ್ಕ 2,800 ಡಾಲರುಗಳಿಂದ ಆರು ಹಳ್ಳಿಶಾಲೆಗಳನ್ನು ಕಟ್ಟಿಸಬಹುದೆಂದು ವಾಷಿಂಗ್ಟನ್ನರು ಸೂಚಿಸಿದರು. ಅಲ್ಲಿಂದ ಮೊದಲಾದ ಕೆಲಸವು 1917ರಲ್ಲಿ ಸ್ಥಾಪಿತವಾದ ನಿಧಿಯ ಮೂಲಕ ಬೆಳೆದು, 1932ರ ವೇಳೆಗೆ 15 ಸಂಸ್ಥಾನಗಳ 883 ಕೌಂಟಿಗಳಲ್ಲಿ 4,977 ಶಾಲೆಗಳೂ, 217 ಉಪಾಧ್ಯಾಯರ ಮನೆಗಳೂ, 163 ಕಸುಬಿನ ಶಾಲೆಗಳೂ ಎದ್ದು ನಿಂತುವು.

ಇಷ್ಟನ್ನು ಹೇಳಿ ನಿಲ್ಲಿಸುವುದು ಜೀರ್ಣೋದ್ಧಾರಗೊಂಡ ಶಾಲೆಗಳ ಮುಂದಿನ ಫಲಕಗಳ ಸಾಮಾನ್ಯ ಪದ್ಧತಿಯಾಗಿದೆ. ಓದಿದವರಿಗೆ, ಒಬ್ಬ ಉದಾರಿಯು ಐದು ಸಾವಿರ ಶಾಲೆಗಳನ್ನು ಕಟ್ಟಿಸಿಕೊಟ್ಟನೆಂದು ಅರ್ಥವಾಗುವುದು. ನಿಧಿಯ ಲೆಕ್ಕವೇ ಇದಕ್ಕೆ ವಿರುದ್ಧವಾಗಿದೆ. ಒಟ್ಟು ವೆಚ್ಚ 2,84,08,520 ಡಾಲರು. ಇದರಲ್ಲಿ ರೋಸೆನ್‌ವಾಲ್ಡರ ಹಣ 43,66,519. ಕಪ್ಪು ಜನರು ತಾವೇ ಕೂಡಿಸಿಕೊಟ್ಟುದು 47,25,871. ಬಿಳಿಯರು ವಂತಿಗೆಯಾಗಿ ಕೊಟ್ಟುದು 12,11,975. ಉಳಿದ 1,81,04,155 ಡಾಲರುಗಳು ತೆರಿಗೆಯ ಹಣ. ಎಂದರೆ ಶಾಲೆಗೆ ಹೆಸರು ಕೊಟ್ಟವರಿಗಿಂತ ಶಾಲೆಯಲ್ಲಿ ಮಕ್ಕಳನ್ನು ಕೂರಿಸಿದವರು ಹೆಚ್ಚು ಕೊಟ್ಟಿರುವರು. ತೆರಿಗೆಯ ಹಣದಲ್ಲಿಯೂ ಅವರ ಪಾಲು ಉಂಟು. ಆ ತೆರಿಗೆಯಿಂದ ಅವರ ಮಕ್ಕಳಿಗೆ ನ್ಯಾಯವಾಗಿ ಸಲ್ಲಬೇಕಾದುದು ಬಿಳಿಯರ ಶಾಲೆಗಳಿಗೆ ಸಲ್ಲುತ್ತಿದ್ದುದರಿಂದಲೇ ಅವರು ಎರಡನೆಯ ಸಲ ಕೈಯೆತ್ತಿ ಕೊಡಬೇಕಾಯಿತು. ಚರಿತ್ರಕಾರ ಜೇಮ್ಸ್ ಡಿ. ಆಂಡರ್ಸನ್ನರು 1988ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇದನ್ನು ಇಮ್ಮಡಿ ತೆರಿಗೆಯೆಂದು ಕರೆದಿರುವುದು ಯಥಾರ್ಥವಾಗಿದೆ.

ಮೊದಲನೆಯ ಶಾಲೆಯಲ್ಲಿಯೇ ಈ ಪದ್ಧತಿಯನ್ನು ಕಾಣಬಹುದು. ಅಲಬಾಮಾದ ಲೋಚಪೋಕದಲ್ಲಿ 1913ರಲ್ಲಿ ಪೂರ್ಣವಾದ ಆ ಶಾಲೆಗೆ ತಗಲಿದ ವೆಚ್ಚ 942 ಡಾಲರು 50 ಸೆಂಟು. ರೋಸೆನ್‌ವಾಲ್ಡರು ಕೊಟ್ಟುದು 300. ಊರಿನ ಬಿಳಿಯರಿಂದ ಬಂದುದು 360. ಕಪ್ಪು ಜನರು ನಿವೇಶನಕ್ಕಾಗಿ 150 ಡಾಲರು ರೊಕ್ಕವನ್ನೂ, 132 ಡಾಲರು 50 ಸೆಂಟು ಬೆಲೆಬಾಳುವ ಮೈದುಡಿಮೆಯನ್ನೂ ಕೊಟ್ಟರು. ಮುಂದೆ ಈ ಕಾಣಿಕೆಯು ನಾನಾ ರೂಪಗಳನ್ನು ತಾಳಿತು. ಮರವುಳ್ಳವರು ಮರ ಕಡಿದು ಕೊಟ್ಟರು. ಹೆಂಗಸರು ಕೋಳಿ ಮಾರಿದರು, ಊಟ ಬಡಿಸಿ ದುಡ್ಡು ಕೂಡಿಸಿದರು. ಕೆಲವೆಡೆ ಹತ್ತಿಯ ಹೊಲದಲ್ಲಿ ಒಂದು ತುಂಡನ್ನು ಶಾಲೆಗೆಂದೇ ಬಿಟ್ಟು, ಅದರ ಬೆಳೆಯನ್ನು ಶಾಲೆಯ ಗಂಟಿಗೆ ಹಾಕಿದರು. ಅಲಬಾಮಾದ ಗ್ರೀನ್ ಕೌಂಟಿಯ ಬೋಲಿಗೀ ಎಂಬಲ್ಲಿ ನಡೆದ ಸಭೆಯೊಂದರಲ್ಲಿ, ದಾಸ್ಯದ ದಿನಗಳನ್ನು ಕಂಡಿದ್ದ ಮುದುಕನೊಬ್ಬನು ಜಿಡ್ಡು ಹಿಡಿದ ಹಳೆಯ ಚೀಲವನ್ನು ಮೇಜಿನ ಮೇಲೆ ಸುರಿದನಂತೆ. ಅದರಲ್ಲಿದ್ದುದು 38 ಡಾಲರು. ಅವನ ಜೀವಮಾನದ ಗಳಿಕೆ ಅಷ್ಟೇ. ಆ ಪ್ರಾಂತದಲ್ಲಿ ಶಾಲೆಗಳ ಕೆಲಸವನ್ನು ನೋಡುತ್ತಿದ್ದ ಅಧಿಕಾರಿಯು ಬರೆದಿಟ್ಟುದರಿಂದ ಈ ಸಂಗತಿಯು ಉಳಿದಿದೆ. ಮುದುಕನ ಹೆಸರು ಎಲ್ಲರ ಬಾಯಲ್ಲಿಲ್ಲ. ರೋಸೆನ್‌ವಾಲ್ಡರ ಹೆಸರು ಇದೆ. ರೋಸೆನ್‌ವಾಲ್ಡರು ತಮ್ಮ ಹೆಸರನ್ನು ಕಟ್ಟಡಗಳಿಗೆ ಇಡಿಸಿಕೊಳ್ಳುವುದರಲ್ಲಿ ಆಸಕ್ತರಾಗಿರಲಿಲ್ಲವೆಂಬುದನ್ನು ಇಲ್ಲಿಯೇ ಹೇಳುವುದು ನ್ಯಾಯ. ಜನರೇ ಅವರ ಭಾವಚಿತ್ರವನ್ನು ಶಾಲೆಯ ಗೋಡೆಗೆ ತೂಗುಹಾಕಿದರು.

ಇನ್ನು ಕಟ್ಟಡದ ವಿಚಾರ. ಈ ಶಾಲೆಗಳಿಗೆ ಶಿಲ್ಪದ ಆಡಂಬರವಿಲ್ಲ. ಮೋಟು ಕಂಬಗಳ ಮೇಲೆ ನಿಲ್ಲಿಸಿದ ಮರದ ಚೌಕಟ್ಟು, ಹಲಗೆಯ ಗೋಡೆ, ತಗಡಿನ ಅಥವಾ ಮರದ ಚಕ್ಕೆಯ ಸೂರು. ಹೊರಗಿನಿಂದ ನೋಡಿದರೆ ಸಾಧಾರಣವಾದ ಮನೆ. ಆದರೆ ಕಿಟಕಿಗಳನ್ನು ನೋಡಿದ ಕೂಡಲೇ ಇದು ಮನೆಯಲ್ಲವೆಂದು ತಿಳಿಯುವುದು. ಎತ್ತರವಾದ ಕಿಟಕಿಗಳು ಒಂದರ ಪಕ್ಕಕ್ಕೊಂದು ಐದಾರರಂತೆ ಒತ್ತಾಗಿ ನಿಂತು ಗೋಡೆಯ ಬಹುಭಾಗವನ್ನು ಆಕ್ರಮಿಸಿರುವುವು. ವಿದ್ಯುತ್ತು ಬಾರದ ಹಳ್ಳಿಗಳಲ್ಲಿ ಪಾಠಕ್ಕೆ ಸೂರ್ಯನ ಬೆಳಕೇ ಗತಿ. ಆದುದರಿಂದ ನಕ್ಷೆಯ ಮೊದಲನೆಯ ಚಿಂತೆ ಬೆಳಕಾಗಿತ್ತು. ಆರಂಭದ ನಕ್ಷೆಗಳನ್ನು ಸಿದ್ಧಪಡಿಸಿದವರಲ್ಲಿ ಮುಖ್ಯರು ಟಸ್ಕೀಗೀಯ ರಾಬರ್ಟ್ ಆರ್. ಟೇಲರರು, ಮಸಾಚುಸೆಟ್ಸ್ ತಂತ್ರವಿದ್ಯಾಲಯದಿಂದ 1892ರಲ್ಲಿ ವಾಸ್ತುವಿದ್ಯೆಯ ಪದವಿಯನ್ನು ಪಡೆದ ಇವರು ಅಲ್ಲಿಂದ ತೇರ್ಗಡೆಯಾದ ಕಪ್ಪು ಜನಾಂಗದವರಲ್ಲಿ ಮೊದಲಿಗರು. ಟಸ್ಕೀಗೀಯವರು 1915ರಲ್ಲಿ ನಕ್ಷೆಗಳ ಪುಸ್ತಕವನ್ನು ಅಚ್ಚುಹಾಕಿಸಿದರು. ನಿಧಿಯ ಕಚೇರಿಯು 1920ರಲ್ಲಿ ನ್ಯಾಶ್‌ವಿಲ್ ನಗರಕ್ಕೆ ಹೋದ ಮೇಲೆ ಸ್ಯಾಮ್ಯುಯೆಲ್ ಎಲ್. ಸ್ಮಿತ್ತರು ಹೊಸ ನಕ್ಷೆಗಳನ್ನು ಹೊರಡಿಸಿದರು. ಸ್ಮಿತ್ತರು ಶಾಲಾ ಕಟ್ಟಡಗಳ ಆರೋಗ್ಯಶಾಸ್ತ್ರದಲ್ಲಿ ಪ್ರಮಾಣಪುರುಷರೆನಿಸಿದ್ದ ಫ್ಲೆಚರ್ ಡ್ರೆಸ್ಲರರ ಶಿಷ್ಯರು.

ಸ್ಮಿತ್ತರ ನಕ್ಷೆಗಳಲ್ಲಿ ಒಂದು ಸೂಕ್ಷ್ಮವುಂಟು. ಪಾಠದ ಕೋಣೆಗೆ ಬೆಳಕು ಪೂರ್ವದಿಂದಲೋ ಪಶ್ಚಿಮದಿಂದಲೋ ಬರಬೇಕು. ಮಕ್ಕಳ ಎಡಭಾಗದಿಂದ ಬೀಳಬೇಕು. ಬಲಗೈಯಲ್ಲಿ ಬರೆಯುವ ಮಗುವಿನ ಕೈನೆರಳು ಅಕ್ಷರದ ಮೇಲೆ ಬೀಳಬಾರದೆಂಬುದು ಇದರ ಕಾರಣ. ಶಾಲೆಯು ಉತ್ತರ ದಕ್ಷಿಣಗಳಿಗೆ ಮುಖಮಾಡಿದರೆ ಒಂದು ನಕ್ಷೆ, ಪೂರ್ವ ಪಶ್ಚಿಮಗಳಿಗೆ ಮುಖಮಾಡಿದರೆ ಇನ್ನೊಂದು ನಕ್ಷೆ. ರಸ್ತೆ ಯಾವ ಕಡೆಗಿದ್ದರೂ ಬೆಳಕಿನ ದಿಕ್ಕು ಮಾತ್ರ ತಪ್ಪಕೂಡದು. ಒಳಗಿನ ಗೋಡೆಗಳಿಗೆ ತಿಳಿಯಾದ ಬಣ್ಣ, ಕೆಳಭಾಗಕ್ಕೆ ಮಾಸದ ಗಾಢವಾದ ಬಣ್ಣ. ಎರಡು ಕೋಣೆಗಳ ನಡುವೆ ಸರಿಸಬಹುದಾದ ಅಡ್ಡತಡಿಕೆ. ಅದನ್ನು ತೆಗೆದರೆ ಊರಿನ ಸಭೆಗೆ ಒಂದೇ ದೊಡ್ಡ ಹಜಾರ. ನಿವೇಶನವು ಎರಡು ಎಕರೆಗೆ ಕಡಿಮೆಯಿರಬಾರದು. ಪಾಠದ ಅವಧಿಯು ಐದು ತಿಂಗಳಿಗೆ ಕಡಿಮೆಯಾಗಬಾರದೆಂಬುದೂ ನಿಧಿಯ ಕಟ್ಟಳೆಯಲ್ಲಿ ಸೇರಿತ್ತು. ಹತ್ತಿ ಬಿಡಿಸುವ ಕಾಲದಲ್ಲಿ ಮಕ್ಕಳು ಹೊಲದಲ್ಲಿರಬೇಕೆಂದು ಬಯಸುತ್ತಿದ್ದ ಜಮೀನುದಾರರ ನಾಡಿನಲ್ಲಿ ಐದು ತಿಂಗಳೆಂಬುದು ಅಲ್ಪವಾದ ಮಾತಲ್ಲ.

ಪಾಠದ ಕೋಣೆಗಳ ಜೊತೆಗೆ ಒಂದು ಕಸುಬಿನ ಕೋಣೆಯೂ ಇರುತ್ತಿತ್ತು. ಕಪ್ಪು ಜನರಿಗೆ ಮೊದಲು ಕೈಕಸುಬನ್ನು ಕಲಿಸಬೇಕೆಂಬ ವಾಷಿಂಗ್ಟನ್ನರ ಮತವನ್ನು ಡಬ್ಲ್ಯೂ. ಇ. ಬಿ. ಡುಬಾಯ್ಸರು 1903ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಕಟುವಾಗಿ ಖಂಡಿಸಿದ್ದರು. ಆ ವಾದದ ಮೂರ್ತರೂಪವೇ ಈ ಕೋಣೆ. ಜೀರ್ಣೋದ್ಧಾರದಲ್ಲಿ ಇದು ಬಹುಮಟ್ಟಿಗೆ ಅಡುಗೆಮನೆಯಾಗಿ ಮಾರ್ಪಡುವುದು. ಅಡುಗೆಮನೆಯಾದುದು ತಪ್ಪಲ್ಲ, ಆದರೆ ಆ ಕೋಣೆ ಏತಕ್ಕಿತ್ತು, ಅದರ ವಿಷಯದಲ್ಲಿ ಅವರವರಲ್ಲಿಯೇ ಎಂತಹ ಭಿನ್ನಾಭಿಪ್ರಾಯವಿತ್ತು ಎಂಬುದನ್ನು ಬಾಗಿಲ ಮೇಲೆ ಎರಡು ಸಾಲು ಬರೆದು ತಿಳಿಸುವುದಕ್ಕೆ ಯಾವ ಅಡ್ಡಿಯೂ ಕಾಣದು.

ಶ್ರೇಷ್ಠ ನ್ಯಾಯಾಲಯವು 1954ರ ಬ್ರೌನ್ ತೀರ್ಪಿನಲ್ಲಿ ಬೇರೆ ಶಾಲೆಗಳ ಪದ್ಧತಿಯನ್ನು ತೆಗೆದುಹಾಕಿತು. ಅದು ಕಾರ್ಯಕ್ಕೆ ಬರಲು ಹದಿನೈದು ಇಪ್ಪತ್ತು ವರ್ಷಗಳು ಹಿಡಿದುವು. ಆ ಅವಧಿಯಲ್ಲಿ ಮುಚ್ಚಿದುವು ಬಹುಪಾಲು ಕಪ್ಪು ಜನರ ಶಾಲೆಗಳೇ. ಕೆಲಸವನ್ನು ಕಳೆದುಕೊಂಡವರು ಅವರ ಉಪಾಧ್ಯಾಯರೇ. ನ್ಯಾಯವಾದ ಒಂದು ತೀರ್ಪನ್ನು ಅನ್ಯಾಯವಾಗಿ ನಡೆಯಿಸಿದುದರ ಫಲವಿದು. ಶಾಲೆಯ ಕಟ್ಟಡಗಳು ಹುಲ್ಲಿನ ಉಗ್ರಾಣಗಳಾದುವು, ಮನೆಗಳಾದುವು, ಕೆಲವು ಚರ್ಚಿನ ಛತ್ರಗಳಾದುವು, ಹೆಚ್ಚಿನವು ಬಿದ್ದುಹೋದುವು. ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸಂರಕ್ಷಣ ಸಂಸ್ಥೆಯು 2002ರಲ್ಲಿ ಇವುಗಳನ್ನು ಅತ್ಯಂತ ಅಪಾಯದಲ್ಲಿರುವ ಹನ್ನೊಂದು ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿಸಿದ ಮೇಲೆ ಜನರ ದೃಷ್ಟಿ ಈ ಕಡೆಗೆ ತಿರುಗಿತು. ಐದು ಸಾವಿರದಲ್ಲಿ ಇಂದು ನಿಂತಿರುವುವು ಸುಮಾರು 500 ಎಂದು ಎಣಿಕೆ. ಇವುಗಳ ವಿಷಯವಾಗಿ ವಿಶೇಷವಾದ ಪರಿಶೀಲನೆ ನಡೆಯಬೇಕೆಂದು ವಿಧಿಸುವ ಶಾಸನವೊಂದು 2021ರ ಜನವರಿಯಲ್ಲಿ ಜಾರಿಗೆ ಬಂದಿತು.

ಹಳೆಯ ಕಟ್ಟಡಗಳನ್ನು ಹೊಸದಾಗಿ ಮಾಡುವ ವಿಷಯದಲ್ಲಿ ಯೂರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ವಾಗ್ವಾದವು ನಡೆದಿತ್ತು. ಫ್ರಾನ್ಸಿನ ವಿಯೊಲೆ-ಲ-ದ್ಯುಕ್ ಎಂಬ ಶಿಲ್ಪಿಯು, ಕಟ್ಟಡವನ್ನು ಯಾವ ಕಾಲದಲ್ಲಿಯೂ ಇರದಿದ್ದ ಪೂರ್ಣತೆಗೆ ತರಬಹುದೆಂದು ಹೇಳಿದನು. ಇಂಗ್ಲೆಂಡಿನ ಜಾನ್ ರಸ್ಕಿನ್ನನು 1849ರಲ್ಲಿಯೇ ಅದನ್ನು ನಾಶವೆಂದು ಕರೆದಿದ್ದನು. ಅವನ ಮತವನ್ನು ಹಿಡಿದು ವಿಲಿಯಂ ಮಾರಿಸನು 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗಾಗಿ ಸಂಘವನ್ನು ಸ್ಥಾಪಿಸಿದನು. ಇವರಿಬ್ಬರ ಮನಸ್ಸಿನಲ್ಲಿದ್ದುದು ಗೋಥಿಕ್ ಚರ್ಚುಗಳು. ಕಲ್ಲುಕುಟಿಗನ ಕೈಯ ಗುರುತನ್ನು ಮತ್ತೊಬ್ಬನು ಮರಳಿ ತರಲಾರನೆಂಬುದು ಅವರ ವಾದದ ತಿರುಳು. ಅಚ್ಚಾದ ನಕ್ಷೆಯನ್ನು ನೋಡಿ, ಕಾರ್ಖಾನೆಯ ಹಲಗೆಯಿಂದ ಕಟ್ಟಿದ ಶಾಲೆಗೆ ಆ ವಾದವು ನೇರವಾಗಿ ಹೊಂದದು. ಕೊಳೆತ ಹಲಗೆಯನ್ನು ತೆಗೆದು ಹೊಸ ಹಲಗೆಯನ್ನು ಹೊಡೆದರೆ ಇಲ್ಲಿ ಕಳೆದುಹೋಗುವ ಕಲೆ ಯಾವುದೂ ಇಲ್ಲ. ಹಾಗಾದರೆ ಇಲ್ಲಿ ಕಳೆದುಹೋಗಬಹುದಾದ ವಸ್ತು ಯಾವುದು?

ಈ ಪ್ರಶ್ನೆಗೆ ಉತ್ತರವನ್ನು ಕಟ್ಟಡಗಳಲ್ಲಿಯೇ ಹುಡುಕಬಹುದು. ಟೆಕ್ಸಾಸ್ ಸಂಸ್ಥಾನದ ವೆಸ್ಟ್ ಕೊಲಂಬಿಯದ ಶಾಲೆಯು 1921ರದು. ಮುಚ್ಚಿದ ಮೇಲೆ ಹುಲ್ಲಿನ ಕೊಟ್ಟಿಗೆಯಾಗಿದ್ದ ಅದನ್ನು ಗುರುತಿಸಿ, ಅಲ್ಲಿಂದ ಸಾಗಿಸಿ, ಪಟ್ಟಣದ ವಸ್ತುಸಂಗ್ರಹಾಲಯದ ಬಳಿ ನಿಲ್ಲಿಸಿ, 2009ರಲ್ಲಿ ಪ್ರದರ್ಶನಕ್ಕೆ ತೆರೆದರು. ಕಟ್ಟಡವು ಉಳಿಯಿತು, ಸಾಗಿಸದಿದ್ದರೆ ಉಳಿಯುತ್ತಿರಲಿಲ್ಲವೇನೋ. ಆದರೂ, ಯಾರು ಆ ಎರಡು ಎಕರೆಯನ್ನು ಕೊಂಡರೋ ಆ ನೆಲದಿಂದ ಅದು ಬೇರೆಯಾಯಿತು. ಮೇರಿಲ್ಯಾಂಡಿನ ರಿಜ್ಲೀ ಶಾಲೆಯು 1927ರದು; ತನ್ನ ಸ್ಥಳದಲ್ಲಿಯೇ ಉಳಿದು, 2011ರಲ್ಲಿ ಪುನಃ ತೆರೆಯಲ್ಪಟ್ಟಿತು. ಕಿಟಕಿಗಳ ಸಾಲೂ ಪಾಠದ ಕೋಣೆಯೂ ಮೊದಲಿದ್ದಂತೆ ಆಗಿವೆ. ಇಂತಹ ಶಾಲೆಗಳ ಒಳಹೊಕ್ಕವರಿಗೆ ಸಾಲುಮೇಜುಗಳು, ಕರಿಹಲಗೆ, ಒಲೆ ಎಲ್ಲವೂ ಸಿದ್ಧವಾಗಿ, ಮಕ್ಕಳು ಈಗ ತಾನೆ ಆಟಕ್ಕೆ ಹೋಗಿರುವಂತೆ ತೋರುವುದು. ಈ ಅಚ್ಚುಕಟ್ಟಿನಲ್ಲಿಯೇ ಶಂಕೆಗೆ ಎಡೆಯುಂಟು. ಬಿಳಿಯರ ಶಾಲೆಗಳಿಂದ ತಳ್ಳಿದ ಹರಕು ಪುಸ್ತಕಗಳೂ ಮುರುಕು ಮೇಜುಗಳೂ ಈ ಶಾಲೆಗಳಿಗೆ ಬರುತ್ತಿದ್ದುವೆಂದು ಇಲ್ಲಿ ಓದಿದವರು ಹೇಳುವರು. ಹೊಳಪುಕೊಟ್ಟ ಮೇಜು ಆ ಮಾತನ್ನು ಹೇಳದು. ಅಂಗಳದಲ್ಲಿದ್ದ ಕಕ್ಕಸಿನ ಗೂಡುಗಳನ್ನು ಯಾರೂ ಮರಳಿ ಕಟ್ಟಿಸುವುದಿಲ್ಲ, ಕಟ್ಟಿಸಬೇಕೆಂದೂ ಅಲ್ಲ. ಆದರೆ ಯಾವುದನ್ನು ಬಿಟ್ಟೆವೆಂದು ಹೇಳದೆ ‘ಇದ್ದಂತೆಯೇ ಇದೆ’ ಎಂದು ಹೇಳುವುದು ಚರಿತ್ರೆಯಾಗದು.

ವರ್ಜಿನಿಯಾದ ರಪಹಾನಕ್ ಕೌಂಟಿಯ ಸ್ಕ್ರ್ಯಾಬಲ್ ಶಾಲೆಯವರು ಬೇರೆ ದಾರಿಯನ್ನು ಹಿಡಿದರು. 1921ರಲ್ಲಿ ಕಟ್ಟಿ, 1968ರಲ್ಲಿ ಮುಚ್ಚಿದ ಆ ಶಾಲೆಯು 2009ರಲ್ಲಿ ಊರಿನ ವೃದ್ಧರು ಸೇರುವ ಮನೆಯಾಗಿಯೂ, ಕಪ್ಪು ಜನರ ಚರಿತ್ರೆಯನ್ನು ತಿಳಿಸುವ ಶಾಲೆಯಾಗಿಯೂ ತೆರೆಯಿತು. ಒಂದು ಕಾಲದಲ್ಲಿ ಯಾವ ಬಾಗಿಲೊಳಗೆ ಬಿಳಿಯರ ಮಕ್ಕಳು ಕಾಲಿಡುತ್ತಿರಲಿಲ್ಲವೋ ಆ ಬಾಗಿಲೊಳಗೆ ಈಗ ಊರಿನ ಎಲ್ಲ ಮುದುಕರಿಗೂ ಪ್ರವೇಶವಿದೆ. ಇಳಿಜಾರು ದಾರಿ, ನೀರಿನ ಕೊಳಾಯಿ, ತಂಪುಗಾಳಿಯ ಯಂತ್ರ ಇವೆಲ್ಲ ಇಂತಹ ಬಳಕೆಗೆ ಅನಿವಾರ್ಯ. 1921ರ ರೂಪವನ್ನೇ ಬಯಸುವವರಿಗೆ ಇವು ಕಣ್ಣಿಗೆ ಚುಚ್ಚುವುವು. ವಸ್ತುಸಂಗ್ರಹಾಲಯದ ಶುದ್ಧಿಗಿಂತ ಇದು ಮೇಲೆಂದೇ ಹೇಳಬೇಕು. ಏಕೆಂದರೆ ಸರಿಯುವ ತಡಿಕೆಯೊಂದಿಗೆ ಆ ನಕ್ಷೆಯನ್ನು ಬರೆದವರೇ ಅದನ್ನು ಮಕ್ಕಳಿಗೆ ಮಾತ್ರವಲ್ಲದೆ ಊರಿಗೂ ಎಂದು ಬರೆದಿದ್ದರು. ಒಂದೇ ಒಂದು ಎಚ್ಚರ ಬೇಕು: ತಂಪುಗಾಳಿಯ ಯಂತ್ರಕ್ಕಾಗಿ ಸೂರನ್ನು ತಗ್ಗಿಸಿ, ಕಿಟಕಿಯ ಮೇಲ್ಭಾಗವನ್ನು ಮುಚ್ಚುವುದು ಸಾಮಾನ್ಯವಾಗಿ ನಡೆಯುವುದು. ಹಲಗೆ ಹೋದರೆ ಹೋಗಲಿ, ಎಡಗಡೆಯ ಬೆಳಕು ಹೋದರೆ ಶಾಲೆಯೇ ಹೋಯಿತು. ಕಳೆದುಹೋಗಬಹುದಾದ ವಸ್ತು ಯಾವುದೆಂಬುದಕ್ಕೆ ಕಟ್ಟಡದ ಮಟ್ಟಿಗೆ ಉತ್ತರವಿದು. ಉತ್ತರದ ಉಳಿದರ್ಧವು ಕಾಗದಪತ್ರಗಳಲ್ಲಿದೆ.

ದಕ್ಷಿಣ ಕ್ಯಾರೊಲೈನಾದ ಪೊಮೇರಿಯದ ಹೋಪ್ ಶಾಲೆಯ ಕಥೆಯನ್ನು ನೋಡಬೇಕು. ಅದನ್ನು 1925-26ರಲ್ಲಿ ಕಟ್ಟಿದರು. ನಿವೇಶನವನ್ನು ಕೊಟ್ಟವರು ಹೋಪ್ ಎಂಬ ಬಿಳಿಯರ ಮನೆತನದವರು. ಅವರಲ್ಲೊಬ್ಬರು ಆಗ ಆ ಸಂಸ್ಥಾನದ ವಿದ್ಯಾಭ್ಯಾಸದ ಅಧಿಕಾರಿಗಳಾಗಿದ್ದರು. ಶಾಲೆಯು 1954ರಲ್ಲಿ ಮುಚ್ಚಿತು. ನಾಲ್ಕು ವರ್ಷಗಳ ತರುವಾಯ, 1958ರಲ್ಲಿ, ನೆರೆಯ ಚರ್ಚಿನ ಸದಸ್ಯರಾದ ಒಂಬತ್ತು ಮಂದಿ ಕಪ್ಪು ಜನರ ಸಂಘವೊಂದು ಅದನ್ನು ಕೊಂಡಿತು. ‘ಕೊಂಡಿತು’ ಎಂಬ ಮಾತನ್ನು ಒತ್ತಿ ಓದಬೇಕು. ನಿಧಿಯ ಕಟ್ಟಳೆಯಂತೆ, ಊರಿನವರು ಕೂಡಿಸಿದ ನೆಲವನ್ನೂ ಕಟ್ಟಡವನ್ನೂ ಸರಕಾರೀ ಶಾಲಾಧಿಕಾರಿಗಳ ಹೆಸರಿಗೆ ಬರೆದುಕೊಡಬೇಕಾಗಿತ್ತು. ಶಾಲೆಯು ಸಾರ್ವಜನಿಕ ಶಾಲೆಯಾಗಿ ಉಳಿಯಲೆಂಬುದು ಇದರ ಉದ್ದೇಶ. ಉದ್ದೇಶವು ಒಳ್ಳೆಯದೇ. ಫಲವೇನಾಯಿತೆಂದರೆ, ಶಾಲೆಗಳು ಮುಚ್ಚಿದಾಗ ಅವುಗಳ ಒಡೆತನವು ಕೊಟ್ಟವರಿಗೆ ಮರಳಲಿಲ್ಲ. ತಾತಂದಿರು ದುಡಿದು ಕಟ್ಟಿದ ಶಾಲೆಯನ್ನು ಮೊಮ್ಮಕ್ಕಳು ಮತ್ತೆ ಹಣಕೊಟ್ಟು ಕೊಳ್ಳಬೇಕಾಯಿತು. ತೆರಿಗೆ ಒಂದು, ವಂತಿಗೆ ಎರಡು, ಕ್ರಯ ಮೂರು. ಜೀರ್ಣೋದ್ಧಾರಕ್ಕೆ ದೊರೆಯುವ ಧನಸಹಾಯಗಳಲ್ಲಿಯೂ, ಕೇಳುವವರು ತಮ್ಮ ಪಾಲನ್ನು ಮೊದಲು ಕೂಡಿಸಿ ತೋರಿಸಬೇಕೆಂಬ ನಿಯಮವುಳ್ಳವು ಇವೆ. ಹಾಗಿರುವಲ್ಲಿ ಅದು ನಾಲ್ಕನೆಯದಾಗುವುದು. ಸ್ವಾವಲಂಬನೆಯನ್ನು ಕಲಿಸುವುದಕ್ಕೆಂದು 1912ರಲ್ಲಿ ಮಾಡಿದ ಏರ್ಪಾಟು, ಶತಮಾನದ ಮೇಲೆಯೂ ಅದೇ ಜನರ ಕೈಯನ್ನೇ ನೋಡುತ್ತಿರುವುದು ವಿಚಿತ್ರ.

ದುರಸ್ತಿಗೆ ಶಾಶ್ವತವಾದ ಗಂಟೊಂದನ್ನು ನಿಧಿಯವರು ಏಕೆ ಇಡಲಿಲ್ಲವೆಂದು ಕೇಳಬಹುದು. ಶಾಶ್ವತ ದತ್ತಿಗಳಲ್ಲಿ ರೋಸೆನ್‌ವಾಲ್ಡರಿಗೆ ನಂಬಿಕೆಯಿರಲಿಲ್ಲ. ಒಂದು ಪೀಳಿಗೆಯ ಹಣವು ಆ ಪೀಳಿಗೆಯ ಕಷ್ಟಕ್ಕೆ ಸಲ್ಲಬೇಕು. ತಾವು ಸತ್ತು ಇಪ್ಪತ್ತೈದು ವರ್ಷಗಳೊಳಗಾಗಿ ನಿಧಿಯೆಲ್ಲ ಮುಗಿದುಹೋಗಬೇಕು ಎಂದು ಅವರು ಕಟ್ಟುಮಾಡಿದ್ದರು. ಅವರು ತೀರಿಕೊಂಡುದು 1932ರಲ್ಲಿ. ನಿಧಿ ಮುಗಿದುದು 1948ರಲ್ಲಿ. ನಮ್ಮ ಶಾಸನಗಳ ‘ಆಚಂದ್ರಾರ್ಕ’ದ ಆಶಯಕ್ಕೆ ಇದು ತೀರ ವಿರುದ್ಧವಾದುದು. ಆಚಂದ್ರಾರ್ಕವಾಗಿ ಬಿಟ್ಟ ಭೂಮಿಗಳಲ್ಲಿ ಎಷ್ಟು ಇಂದು ಆ ದೇಗುಲಗಳಿಗೆ ಸಲ್ಲುತ್ತಿವೆಯೆಂಬುದನ್ನು ನೆನೆದರೆ ರೋಸೆನ್‌ವಾಲ್ಡರ ಸಂಶಯವನ್ನು ತಳ್ಳಿಹಾಕುವಂತೆಯೂ ಇಲ್ಲ.

ಇನ್ನು ಗ್ರಂಥಗಳ ಮಾತು. ಆಂಡರ್ಸನ್ನರ ಪುಸ್ತಕದಲ್ಲಿ ದಾನಿಗಳ ಮೇಲಿನ ಟೀಕೆಯು ತೀಕ್ಷ್ಣವಾಗಿದೆ. ಕಟ್ಟಡಗಳ ವಿಚಾರ ಕಡಿಮೆ. ಮೇರಿ ಹಾಫ್‌ಶ್ವೆಲ್ ಎಂಬ ವಿದುಷಿಯ 2006ರ ಗ್ರಂಥವು ನಕ್ಷೆ, ಲೆಕ್ಕ, ಆಡಳಿತ ಮೂರನ್ನೂ ಒಟ್ಟಿಗೆ ಹಿಡಿದು ನೋಡುವುದರಿಂದ ಜೀರ್ಣೋದ್ಧಾರಕ್ಕೆ ಕೈಹಾಕುವವರಿಗೆ ಇದೇ ಮುಖ್ಯವಾದ ಆಧಾರ. ಅದೇ ವರ್ಷ ಬಂದ ಪೀಟರ್ ಆಸ್ಕೊಲಿಯವರ ಜೀವನಚರಿತ್ರೆಯೂ, 2011ರಲ್ಲಿ ಬಂದ ಸ್ಟೆಫನಿ ಡಾಯಿಚ್‌ರ ಪುಸ್ತಕವೂ ವ್ಯಕ್ತಿಗಳನ್ನು ಮುಂದಿಡುವುವು. ಓದಲು ಸೊಗಸು, ಆದರೆ ಇವುಗಳಿಂದ ಫಲಕಗಳನ್ನು ಬರೆದರೆ ಬೋಲಿಗೀಯ ಮುದುಕನು ಹಿಂದಕ್ಕೆ ಸರಿಯುವನು. ಅರ್ಥಶಾಸ್ತ್ರಜ್ಞರಾದ ಆರನ್ಸನ್ ಮತ್ತು ಮಜುಂದಾರರು 2011ರಲ್ಲಿ ಪ್ರಕಟಿಸಿದ ಪ್ರಬಂಧವು, ಈ ಶಾಲೆಗಳು ದಕ್ಷಿಣದ ಹಳ್ಳಿಗಳ ಕಪ್ಪು ಮಕ್ಕಳಲ್ಲಿ ನೂರಕ್ಕೆ ಸುಮಾರು 36 ಮಂದಿಗೆ ಒದಗಿದುವೆಂದೂ, ಆ ಜನರ ವಿದ್ಯಾಭ್ಯಾಸದ ಏಳಿಗೆಯಲ್ಲಿ ಇವುಗಳ ಪಾಲು ಗಣನೀಯವೆಂದೂ ತೋರಿಸಿತು. ಕಸುಬಿನ ಕೋಣೆಯ ಮೇಲಿನ ಆಕ್ಷೇಪವು ಎಷ್ಟೇ ನ್ಯಾಯವಾಗಿದ್ದರೂ ಪಕ್ಕದ ಕೋಣೆಯಲ್ಲಿ ನಡೆದ ಪಾಠವು ವ್ಯರ್ಥವಾಗಲಿಲ್ಲವೆಂದು ಇದರಿಂದ ತಿಳಿಯುವುದು.

ಆಂಡ್ರೂ ಫೈಲರರು 2021ರಲ್ಲಿ ಹೊರತಂದ ಚಿತ್ರಗ್ರಂಥದ ಛಾಯಾಚಿತ್ರಗಳು ಕಪ್ಪು ಬಿಳುಪಿನವು. ಬಿದ್ದ ಶಾಲೆಗಳನ್ನೂ ಎದ್ದ ಶಾಲೆಗಳನ್ನೂ, ಅವುಗಳನ್ನು ಉಳಿಸಿಕೊಂಡ ಜನರನ್ನೂ ಒಂದೇ ಗೌರವದಿಂದ ತೋರಿಸಿರುವುದು ಅದರ ಗುಣ. ಮುನ್ನುಡಿಯನ್ನು ಬರೆದವರು ಶಾಸನಸಭೆಯ ಸದಸ್ಯರಾಗಿದ್ದ ಜಾನ್ ಲೂಯಿಸರು. ಅವರೂ ಅಲಬಾಮಾದ ಇಂತಹುದೇ ಶಾಲೆಯಲ್ಲಿ ಓದಿದವರು. ಲೇಖಕಿ ಮಾಯಾ ಏಂಜೆಲೂ ಸಹ ಹೀಗೆಯೇ. ಈ ಹೆಸರುಗಳನ್ನು ಹೇಳಿದರೆ ಹಣ ಬೇಗ ಕೂಡುವುದೆಂಬುದು ನಿಜ. ಆದರೆ ಐದು ಸಾವಿರ ಶಾಲೆಗಳ ಸಾರ್ಥಕತೆಯನ್ನು ಇಬ್ಬರು ಮೂವರು ಪ್ರಸಿದ್ಧರಿಂದ ಅಳೆಯತೊಡಗಿದರೆ, ಪ್ರಸಿದ್ಧರನ್ನು ಹಡೆಯದ ಶಾಲೆಗಳನ್ನು ಬಿದ್ದುಹೋಗಲು ಬಿಡುವುದಕ್ಕೆ ಒಂದು ನೆಪ ದೊರೆಯುವುದು. ವರ್ಜಿನಿಯಾದ ಕಂಬರ್ಲೆಂಡ್ ಕೌಂಟಿಯ ಪೈನ್ ಗ್ರೋವ್ ಶಾಲೆಯು 1917ರಲ್ಲಿ ಕಟ್ಟಿದುದು, 1964ರಲ್ಲಿ ಮುಚ್ಚಿದುದು. ಅದರ ನೆರೆಯಲ್ಲಿ ಭಾರಿ ಕಸದ ಗುಂಡಿಯೊಂದನ್ನು ತೋಡುವ ಯೋಜನೆ ಬಂದಾಗ ಅಡ್ಡನಿಂತವರು ಅಲ್ಲಿ ಓದಿದ ಸಾಮಾನ್ಯ ಜನರೂ ಅವರ ಮಕ್ಕಳೂ.

ಹಿತವಲ್ಲದ ಚರಿತ್ರೆಯನ್ನು ಎದುರಿಸಬೇಕಾದ ಶಾಲೆಯೂ ಒಂದುಂಟು. ಅಲಬಾಮಾದ ಮೇಕನ್ ಕೌಂಟಿಯ ನೊಟಸಲ್ಗದಲ್ಲಿರುವ ಶೈಲೋ ಶಾಲೆಯು ಟಸ್ಕೀಗೀಗೆ ಹತ್ತಿರವಾದುದು; ಪಕ್ಕದಲ್ಲಿ ಅದೇ ಹೆಸರಿನ ಚರ್ಚು, ಸ್ಮಶಾನ. ರೋಸೆನ್‌ವಾಲ್ಡ್ ನಿಧಿಯವರು ಈ ಕೌಂಟಿಯಲ್ಲಿ ಉಪದಂಶರೋಗದ ಪರೀಕ್ಷೆಗೂ ಚಿಕಿತ್ಸೆಗೂ ಸ್ವಲ್ಪಕಾಲ ಹಣಕೊಟ್ಟು, ಆರ್ಥಿಕ ಮುಗ್ಗಟ್ಟಿನಲ್ಲಿ ಕೈಬಿಟ್ಟರು. ಆಮೇಲೆ ಸರಕಾರದ ಆರೋಗ್ಯ ಇಲಾಖೆಯವರು 1932ರಿಂದ 1972ರವರೆಗೆ ಅಲ್ಲಿಯ ನೂರಾರು ಕಪ್ಪು ಗಂಡಸರಿಗೆ ಚಿಕಿತ್ಸೆಯನ್ನು ಕೊಡದೆ, ರೋಗವು ಹೇಗೆ ಬೆಳೆಯುವುದೆಂದು ನೋಡುತ್ತಿದ್ದರು. ಅವರಲ್ಲಿ ಕೆಲವರು ಆ ಸ್ಮಶಾನದಲ್ಲಿ ಮಲಗಿರುವರು. ಶಾಲೆಯ ಕಥೆಯನ್ನು ಸ್ಮಶಾನದ ಕಥೆಯಿಂದ ಬೇರ್ಪಡಿಸಿ ಹೇಳುವುದು ಸುಲಭ. ಆದರೆ ಎರಡಕ್ಕೂ ಜನ ಒಂದೇ, ನೆಲ ಒಂದೇ.

ಮುಂದೆ ಇಂತಹ ಶಾಲೆಗಳನ್ನು ಎತ್ತಿ ನಿಲ್ಲಿಸುವವರು ಬಣ್ಣದ ಪದರಗಳನ್ನು ಕೆರೆದು ಪರೀಕ್ಷಿಸುವಷ್ಟೇ ಶ್ರದ್ಧೆಯಿಂದ ಕೌಂಟಿಯ ಕಚೇರಿಯ ಕ್ರಯಪತ್ರಗಳನ್ನೂ, ಚರ್ಚಿನ ವಂತಿಗೆಯ ಪಟ್ಟಿಗಳನ್ನೂ ತೆರೆದು ನೋಡಬೇಕು. ನಿಧಿಯ ಪಾಲು, ತೆರಿಗೆಯ ಪಾಲು, ಬಿಳಿಯರ ಪಾಲು, ಕಪ್ಪು ಜನರ ರೊಕ್ಕ ಮತ್ತು ಮೈದುಡಿಮೆ, ಮುಚ್ಚಿದ ವರ್ಷ, ಮಾರಿದವರು, ಕೊಂಡವರು, ಕೊಟ್ಟ ಕ್ರಯ, ದುರಸ್ತಿಗೆ ಮತ್ತೆ ಕೂಡಿಸಿದುದು ಇಷ್ಟನ್ನೂ ಬಾಗಿಲ ಪಕ್ಕದ ಹಲಗೆಯ ಮೇಲೆ ಬರೆಯಲು ಸ್ಥಳ ಸಾಲದೆಂದು ಹೇಳುವಂತಿಲ್ಲ. ನಮ್ಮ ಹಳ್ಳಿಗಳ ಒಂದಾಳುದ್ದದ ಶಾಸನಗಳಲ್ಲಿ ಇದಕ್ಕಿಂತ ಹೆಚ್ಚಿನ ವಿವರವು ಹಿಡಿದಿದೆ.